ಉಬ್ಬಿದ ನಾಯಕನೂ ಜಾಲಿಯ ಒಗರು ನೀರೂ

ಮಕ್ಕಳೇ, ಕಾಡಿನ ನಡುವಿನ ಒಂದು ಕೆರೆಯ ದಡದಲ್ಲಿ ಇಪ್ಪತ್ತೆರಡು ಎಮ್ಮೆಗಳ ಹಿಂಡೊಂದಿತ್ತು. ಅಲ್ಲಿ ಒಂದು ಕಟ್ಟಳೆ. ಮಳೆಗಾಲದ ಮುಂಜಾನೆ ಚಿಗುರುವ ಎಳೆಯ ಕಾಡುಹುರುಳಿ ಬಳ್ಳಿಯನ್ನು ಮೊದಲು ಮೇಯುವ ಹಕ್ಕು ಮುಂದಿನ ಸಾಲಿನ ಹಿರಿಯರದು.

ಅದನ್ನು ಮೇಯ್ದ ಹಿರಿಯರಲ್ಲಿ ಕೆಲವರ ಎಡಹೊಟ್ಟೆ ಮಧ್ಯಾಹ್ನದೊಳಗೆ ನಗಾರಿಯಂತೆ ಬಿಗಿಯುತ್ತಿತ್ತು. ಹಿಂಡು ಅದನ್ನು ರೋಗವೆನ್ನುತ್ತಿರಲಿಲ್ಲ, ಗೌರವವೆನ್ನುತ್ತಿತ್ತು.

ಆ ಗೌರವದಿಂದಲೇ ಒಂದು ವಾರದಲ್ಲಿ ಇಬ್ಬರು ಸತ್ತರು.

"ಖಾಲಿಯಾದ ಜಾಗಗಳಲ್ಲಿ ಒಂದಕ್ಕೆ ನಾಳೆಯಿಂದ ಮಲ್ಲವ್ವ ಬರಲಿ" ಎಂದು ನಾಯಕನಾದ ಕೋಣ ಮಹಾಶೃಂಗ ಸಾರಿದನು.

ಮಲ್ಲವ್ವನ ಮಗಳು ಕರಿಸಿರಿ ಇನ್ನೂ ಕರು ಹಾಕದ ಕಡಸು. ಅವಳು ಮುಂದೆ ಬಂದು ನಿಂತಳು.

"ನಾಯಕರೇ, ಹಿಂದಿನ ಸಾಲಿನವರು ಹದಿಮೂರು ಜನ. ನಾವೂ ಅದೇ ಬಳ್ಳಿಯನ್ನು ಹೊಟ್ಟೆತುಂಬ ಮೇಯುತ್ತೇವೆ. ಒಬ್ಬರೂ ಉಬ್ಬಿಲ್ಲ. ಸರದಿ ಕಾಯುವಾಗ ನಾವು ಬಂಡೆಯ ಗುಳಿಯ ನೀರನ್ನು ನಾಲ್ಕು ಗುಟುಕು ಕುಡಿಯುತ್ತೇವೆ. ಜಾಲಿಯ ತೊಗಟೆ ನೆನೆದು ಅದರ ಒಗರೆಲ್ಲ ಆ ನೀರಿಗೆ ಇಳಿದಿದೆ. ಮುಂದಿನ ಸಾಲಿನ ಒಂಬತ್ತು ಜನ ಅದನ್ನು ಕುಡಿಯಲಿಲ್ಲ. ನಾಲ್ವರು ಉಬ್ಬಿದರು, ಅವರಲ್ಲಿ ಇಬ್ಬರು ಸತ್ತರು."

"ಓಹೋ, ಪಂಡಿತಮ್ಮನವರು!" ಎಂದು ಮಹಾಶೃಂಗ ಮೂಗರಳಿಸಿದನು. "ಮೊದಲು ಒಂದು ಕರು ಹೆತ್ತು ಬಾ, ಆಮೇಲೆ ಪಾಠ ಹೇಳುವೆಯಂತೆ. ಎಣಿಸುತ್ತ ಕೂರುವುದು ಎಮ್ಮೆಯ ಕೆಲಸವೇನೇ?"

"ಸತ್ತವರನ್ನಾದರೂ ಯಾರಾದರೂ ಎಣಿಸಬೇಕಲ್ಲ."

ಹಿಂಡು ಖಾಲಿಯಾದ ಎರಡು ಜಾಗಗಳತ್ತ ತಿರುಗಿ ನೋಡಿತು.

"ಆ ಕೊಳೆನೀರನ್ನು ಮುಟ್ಟಿದವರಿಗೆ ಮುಂದಿನ ಸಾಲಿಲ್ಲ!" ಎಂದು ಮಹಾಶೃಂಗ ಗುಡುಗಿದನು.

ಮರುದಿನ ಮುಂಜಾನೆ ಮಲ್ಲವ್ವ ಎಲ್ಲರೆದುರೇ ಗುಳಿಯ ಬಳಿಗೆ ನಡೆದಳು. "ಹತ್ತು ವರ್ಷ ಕಾದು ಸಿಕ್ಕ ಜಾಗ. ಹೋದರೆ ಹೋಗಲಿ" ಎಂದಳು. "ನನ್ನ ಮಗಳು ಸುಳ್ಳು ಲೆಕ್ಕ ಹೇಳುವವಳಲ್ಲ." ನಾಲ್ಕು ಗುಟುಕು ಕುಡಿದು ಹಿಂದಿನ ಸಾಲಿಗೆ ಬಂದು ನಿಂತಳು.

ಅವಳನ್ನು ಹಂಗಿಸಲೆಂದೇ ಮಹಾಶೃಂಗ ಮುಂದಿನ ಸಾಲಿನಲ್ಲಿ ಅವಳಿಗಿದ್ದ ಪಾಲನ್ನೂ ಮೇಯ್ದನು. ಮಧ್ಯಾಹ್ನದ ಹೊತ್ತಿಗೆ ಅವನ ಎಡಹೊಟ್ಟೆ ಬೆನ್ನಿಗಿಂತ ಮೇಲೆದ್ದಿತು.

"ನೋಡಿರಿ, ನನ್ನ ವೈಭ..." ಮಾತು ಮುಗಿಯಲಿಲ್ಲ. ಉಸಿರು ಕಟ್ಟಿ ಮೊಣಕಾಲು ಕುಸಿಯಿತು.

ಹಿಂದಿನ ಸಾಲಿನಲ್ಲಿ ಅದೇ ಬಳ್ಳಿಯನ್ನು ಮೇಯ್ದಿದ್ದ ಮಲ್ಲವ್ವ ಪಕ್ಕದಲ್ಲೇ ಸಲೀಸಾಗಿ ಮೆಲುಕು ಹಾಕುತ್ತಿದ್ದಳು.

"ಎಬ್ಬಿಸಿ! ಮುಂಗಾಲು ದಿಬ್ಬದ ಮೇಲಿರಲಿ" ಎಂದಳು ಕರಿಸಿರಿ. "ಬಾಯಿಗೆ ಅಡ್ಡಲಾಗಿ ಒಂದು ಕಟ್ಟಿಗೆ ಕೊಡಿ. ಅಗಿಯುತ್ತ ಇರಲಿ, ಗಾಳಿ ಹೊರಗೆ ಬರುತ್ತದೆ."

ತುಸು ಹೊತ್ತಿನಲ್ಲಿ ಮಹಾಶೃಂಗ ತೇಗಿದನು. ಕೆರೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಹಾರಿದವು.

"ಅಬ್ಬಾ, ಗೌರವ ಹೊರಗೆ ಬಂತು!" ಎಂದಳು ಮುದಿ ಎಮ್ಮೆಯೊಬ್ಬಳು. ಹಿಂಡು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಕಾಲು ನಿಲ್ಲುತ್ತಲೇ ಮಹಾಶೃಂಗ ಗುಳಿಯತ್ತ ನುಗ್ಗಿದನು. "ಎಲ್ಲ ನೀರೂ ನನಗೇ!"

ಕರಿಸಿರಿ ಅಡ್ಡ ನಿಂತಳು. "ನಾಳೆ ಮುಂಜಾನೆ, ಮೇಯುವ ಮೊದಲು, ನಾಲ್ಕು ಗುಟುಕು. ಹೆಚ್ಚಾದರೆ ಹಸಿವು ಸಾಯುತ್ತದೆ, ಮೆಲುಕು ನಿಲ್ಲುತ್ತದೆ."

"ನಾಯಕನಿಗೂ ನಾಲ್ಕೇ?"

"ನಾಯಕ ಯಾರೆಂಬುದು ಹೊಟ್ಟೆಗೆ ತಿಳಿಯದು."

ಮರುದಿನ ಇಪ್ಪತ್ತೂ ಎಮ್ಮೆಗಳು ಗುಳಿಯೆದುರು ಒಂದೇ ಸಾಲಾಗಿ ನಿಂತವು. ಬಂದವರು ಬಂದ ಕ್ರಮದಲ್ಲೇ ಕುಡಿದರು. ಮಹಾಶೃಂಗ ತಡವಾಗಿ ಬಂದದ್ದರಿಂದ ಅವನ ಸರದಿ ಹತ್ತೊಂಬತ್ತನೆಯದಾಯಿತು. ಆ ಮಳೆಗಾಲ ಮುಗಿಯುವವರೆಗೆ ಆ ಹಿಂಡಿನಲ್ಲಿ ಒಂದು ಸಾವೂ ಆಗಲಿಲ್ಲ.

ನೀತಿ: ಕಂಡು, ಎಣಿಸಿ, ಅಳೆದು ಹೇಳಿದ ಮಾತನ್ನು ಹೇಳಿದವರ ವಯಸ್ಸು ನೋಡಿ ತಳ್ಳಿಹಾಕಬಾರದು, ಒಪ್ಪಿದ ಮೇಲೆ ಅದರ ಅಳತೆಯನ್ನೂ ಮೀರಬಾರದು.