ಎಣ್ಣೆ ಹಚ್ಚಿದ ಎಲೆತೋಟ

"ಗುರುಗಳೇ, ಬಂದವರ ಕಷ್ಟ ಕೇಳಿ ಕೇಳಿ ನನ್ನೊಳಗಿನ ಶಾಂತಿಯೆಲ್ಲ ಸೋರಿಹೋಗುತ್ತಿದೆ. ಇನ್ನು ಕೋಣೆಗೆ ಅಗುಳಿ ಹಾಕಿಕೊಂಡು ಜಪಕ್ಕೆ ಕೂರಲೇ?" ಎಂದು ಅಡವೀಶ ಕೇಳಿದ. ಮಠಕ್ಕೆ ಬಂದವರನ್ನು ಮಾತಾಡಿಸುವ ಕೆಲಸ ಅವನದು. ಅಂದೂ ಜಗಲಿಯ ಮೇಲೆ ನಾಲ್ಕು ಜನ ಕಾಯುತ್ತಿದ್ದರು.

ಗುರುಗಳು ವೀಳ್ಯ ಮಡಿಸುತ್ತಿದ್ದರು. ಕೈ ನಿಲ್ಲಿಸಿ, "ಕೂತುಕೊಳ್ಳಯ್ಯ, ಅಗುಳಿ ಎಲ್ಲಿಗೂ ಓಡಿಹೋಗುವುದಿಲ್ಲ," ಎಂದು ಈ ಕತೆ ಹೇಳಿದರು.

ಒಬ್ಬ ತೋಟಗಾರನಿದ್ದ. ಅವನದು ವೀಳ್ಯದೆಲೆಯ ತೋಟ, ಹನ್ನೆರಡು ಸಾಲು ಬಳ್ಳಿ. ನೆಲ ಮಾತ್ರ ಊರಿನದು. ಯುಗಾದಿಯ ದಿನ ಊರ ಹಿರಿಯರು ಬಂದು ಸಾಲಿಗೊಂದು ಎಳೆಯ ಎಲೆ ಕೇಳುತ್ತಿದ್ದರು. ಕೊಟ್ಟರೆ ಇನ್ನೊಂದು ವರ್ಷ ತೋಟ ಅವನದು. ಒಂದು ಸಾಲು ತಪ್ಪಿದರೂ ಬೇರೆಯವನದು. ಅವನ ಅಜ್ಜ ಕೊಟ್ಟಿದ್ದ, ಅಪ್ಪ ಕೊಟ್ಟಿದ್ದ. ತನ್ನ ಕಾಲಕ್ಕೆ ತಪ್ಪಿತು ಎಂಬ ಮಾತು ಬರಬಾರದೆಂದು ಅವನು ಹಗಲೆಲ್ಲ ತೋಟದಲ್ಲೇ ಇರುತ್ತಿದ್ದ.

ಒಂದು ವರ್ಷ ಸಂಕ್ರಾಂತಿಗೇ ಬಾವಿಯ ನೀರು ಇಳಿಯಿತು. ಬಿಸಿಗಾಳಿ ಬೀಸಿತು. ಒಂದು ಎಳೆಯ ಕುಡಿಗೆ ಗಾಳಿ ತಾಗದಿರಲೆಂದು ತೋಟಗಾರ ಅದರ ಮೇಲೆ ಹಿತ್ತಾಳೆ ಚೆಂಬನ್ನು ಬೋರಲು ಹಾಕಿ, ಬಾಯಿಗೆ ಬಟ್ಟೆ ಬಿಗಿದ. ಮಧ್ಯಾಹ್ನ ತೆಗೆದು ನೋಡುತ್ತಾನೆ, ಚೆಂಬಿನ ಒಳಗೆಲ್ಲ ನೀರ ಹನಿ!

"ಅಯ್ಯೋ ಕಳ್ಳಾ! ನಾನು ಬುಡಕ್ಕೆ ಹೊತ್ತು ಹಾಕಿದ ನೀರನ್ನು ನೀನು ಬೆನ್ನಲ್ಲಿ ಚೆಲ್ಲುತ್ತೀಯಾ? ಉಂಡ ಮನೆಗೇ ಎರಡು ಬಗೆಯುತ್ತೀಯಾ?" ಎಂದು ಎಲೆಯನ್ನು ಬೈದ. ಮರುದಿನವೇ ಹರಳೆಣ್ಣೆ ತಂದು ಒಂದೊಂದು ಎಲೆಗೂ ಹಿಂದೆ ಮುಂದೆ ಬಳಿದ. ಹೆಂಡತಿ, "ರೀ, ಬಚ್ಚಲ ಕಲ್ಲಿನ ಹತ್ತಿರದ್ದು ನನ್ನ ತವರಿನ ಬಳ್ಳಿ. ಅದನ್ನು ಮುಟ್ಟಿದರೆ ನೋಡಿ!" ಎಂದಳು. ಅದೊಂದನ್ನು ಬಿಟ್ಟ.

ಮತ್ತೆ ಚೆಂಬು ಕಟ್ಟಿ ನೋಡಿದ. ಒಳಗೆ ಒಂದು ಹನಿಯೂ ಇಲ್ಲ. ಎಲೆಗಳು ಥಳಥಳ ಹೊಳೆಯುತ್ತಿದ್ದವು. ತೋಟಗಾರ ಮೀಸೆ ತಿರುವಿ ಊರಿಗೆಲ್ಲ ಹೇಳಿಕೊಂಡು ಬಂದ. ಊರೂ ಹೌದೌದು ಎಂದಿತು. ಊರಿಗೇನು, ಹೊಳೆಯುವುದಕ್ಕೆಲ್ಲ ಹೌದು ಎನ್ನುತ್ತದೆ.

ಇಪ್ಪತ್ತು ದಿನ ಕಳೆಯಿತು. ಬುಡದ ಮಣ್ಣು ಒದ್ದೆಯಾಗಿಯೇ ಇತ್ತು. ಆದರೆ ಒಂದು ಹೊಸ ಚಿಗುರು ಬರಲಿಲ್ಲ. ಎಲೆಗಳು ಹಳದಿ ತಿರುಗಿದವು. ಕಾಲ ಬುಡದಲ್ಲಿ ನೀರಿದ್ದೂ ಬಳ್ಳಿ ಹಸಿದು ಸೊರಗುತ್ತಿತ್ತು. ತೋಟಗಾರನಿಗೆ ಅನ್ನ ಇಳಿಯಲಿಲ್ಲ. ಯುಗಾದಿಗೆ ಇನ್ನು ಒಂದೇ ತಿಂಗಳು.

ಅಂದು ತನ್ನ ಊಟವಾದ ಮೇಲೆ ಹೆಂಡತಿ ತೋಟದ ಎಲೆಯೊಂದನ್ನು ತೆಗೆದುಕೊಂಡು ಬೆನ್ನಿಗೆ ಸುಣ್ಣ ಸವರಿದಳು. ಸುಣ್ಣ ಜಾರಿತು. ಮತ್ತೆ ಸವರಿದಳು, ಮತ್ತೆ ಜಾರಿತು. ಅವಳು ಎದ್ದು ಗಂಡನನ್ನು ಬಚ್ಚಲ ಕಲ್ಲಿನ ಹತ್ತಿರ ಕರೆದುಕೊಂಡು ಹೋದಳು. ತವರಿನ ಬಳ್ಳಿ ಕೈಯಗಲದ ಎಲೆ ಬಿಟ್ಟು ನಗುತ್ತಿತ್ತು.

"ಇದೂ ನೀರು ಚೆಲ್ಲುತ್ತದೆ ರೀ. ಎಲೆಯ ಬೆನ್ನಿನ ತುಂಬ ಕಣ್ಣಿಗೆ ಕಾಣದ ಬಾಯಿಗಳಿವೆ ಎಂದು ನಮ್ಮಪ್ಪ ಹೇಳುತ್ತಿದ್ದ. ಬಾಯಿ ತೆರೆದರೆ ಒಂದಿಷ್ಟು ನೀರು ಹೋಗುತ್ತದೆ. ಆದರೆ ಎಲೆ ಗಾಳಿ ಉಣ್ಣುವುದೂ ಅದೇ ಬಾಯಲ್ಲಿ. ನೀವು ಸೋರುವುದನ್ನು ನಿಲ್ಲಿಸಲು ಹೋಗಿ ಉಣ್ಣುವುದನ್ನೇ ನಿಲ್ಲಿಸಿದಿರಿ."

"ಹಾಗಾದರೆ ಬಿಸಿಲಲ್ಲಿ ಒಣಗಿಹೋಗುವುದಿಲ್ಲವೇ?"

"ಬಿಸಿಲು ಮಿತಿಮೀರಿದರೆ ಅದು ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ, ತಂಪಾದರೆ ತೆರೆಯುತ್ತದೆ. ಎಲೆಗೆ ನೀವು ಬುದ್ಧಿ ಹೇಳಬೇಡಿ. ನೀರು ಉಳಿಸಬೇಕೆಂದರೆ ಬುಡಕ್ಕೆ ಹುಲ್ಲು ಹೊದಿಸಿ."

ತೋಟಗಾರ ತಲೆ ತಗ್ಗಿಸಿದ. ಮಾರನೆಯ ಬೆಳಗಿನಿಂದ ಗಂಡ ಹೆಂಡತಿ ಸೀಗೆಕಾಯಿ ನೀರು ಮಾಡಿಕೊಂಡು, ಕೂಸಿನ ಬೆನ್ನು ಉಜ್ಜುವಂತೆ ಒಂದೊಂದೇ ಎಲೆಯ ಬೆನ್ನು ತೊಳೆದರು. ಹನ್ನೆರಡು ಸಾಲಿಗೆ ಒಂಬತ್ತು ದಿನ ಹಿಡಿಯಿತು. ಬುಡಕ್ಕೆ ಹುಲ್ಲೂ ಹೊದಿಸಿದರು. ಅರ್ಧಕ್ಕರ್ಧ ಎಲೆ ಉದುರಿದವು. ಉಳಿದವು ಹಸಿರಾದವು. ಒಂದು ಬೆಳಿಗ್ಗೆ ಅವನು ಚೆಂಬು ಕಟ್ಟಿ, ಹೊತ್ತೇರಿದ ಮೇಲೆ ತೆಗೆದ. ಒಳಗೆಲ್ಲ ಹನಿ! ಅಂದು ಬೈದಿದ್ದ ಆ ಹನಿಗಳನ್ನೇ ಕಣ್ಣಿಗೊತ್ತಿಕೊಂಡು ಅತ್ತ.

ಯುಗಾದಿ ಬಂತು. ಹಿರಿಯರು ಸಾಲು ಹಿಡಿದು ಎಣಿಸುತ್ತಾ ನಡೆದರು. ಹನ್ನೊಂದು ಸಾಲಿನಲ್ಲಿ ಹನ್ನೊಂದು ಎಳೆಯ ಎಲೆ ಸಿಕ್ಕವು. ಹನ್ನೆರಡನೆಯದರಲ್ಲಿ ಏನೂ ಕಾಣಲಿಲ್ಲ. ಆಚೆ ಈಚೆ ನೋಡಿದರು. ತೋಟಗಾರ ಬಳ್ಳಿ ಬಳ್ಳಿ ತಡಕಿದ. ಆಗ ಹೆಂಡತಿ ಬಗ್ಗಿ ಒಂದು ಮುದಿ ಎಲೆಯನ್ನು ಮೇಲೆತ್ತಿದಳು. ಅದರ ನೆರಳಲ್ಲಿ ಕಿರುಬೆರಳಿನಷ್ಟು ಹೊಸ ಎಲೆ!

"ಹನ್ನೆರಡು!" ಎಂದು ಹಿರಿಯರು ಕೂಗಿದರು. ಹಲಗೆ ಬಾರಿಸಿದರು. ಇಡೀ ಊರು ತೋಟಕ್ಕೆ ನುಗ್ಗಿತು. ಇಷ್ಟೇ ಇಷ್ಟು ನೀರಿನಲ್ಲಿ ಹೇಗೆ ಬೆಳೆದೆ ಎಂದು ಎಲ್ಲರೂ ಕೇಳಿದರು. ತೋಟಗಾರ ಹೆಂಡತಿಯ ಕೈ ಹಿಡಿದೆತ್ತಿ, "ಇವಳು ಎಲೆಯ ಬಾಯಿ ಬಿಡಿಸಿದಳು, ನನ್ನ ಬಾಯಿ ಮುಚ್ಚಿಸಿದಳು!" ಎಂದು ಊರೆಲ್ಲ ಕೇಳುವಂತೆ ಹೇಳಿದ. ತೋಟ ಅವನದೇ ಆಯಿತು.

ಗುರುಗಳು ಕತೆ ನಿಲ್ಲಿಸಿ ಎಲೆಯ ಬೆನ್ನಿಗೆ ಸುಣ್ಣ ಸವರಿದರು.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ಆ ಜನರಿಂದ ನನ್ನೊಳಗೆ ಬರುವುದಾದರೂ ಏನು?" ಎಂದ ಅಡವೀಶ.

"ನೀನು ಬಂದು ಈ ಬಾಗಿಲು ತಟ್ಟಿದ ದಿನ ನಾನೂ ಜಪಕ್ಕೆ ಕೂತಿದ್ದೆ, ಅಡವೀಶ. ಎದ್ದು ಅಗುಳಿ ತೆಗೆದೆ, ನೀನು ಒಳಗೆ ಬಂದೆ."