ಒಂದೇ ಕಾಲು ತೊಳೆಸಿಕೊಂಡ ಇನ್ನಾಸಪ್ಪ

ಬಹಳ ಹಿಂದೆ, ಕೆರೆಯ ನೀರು ಯೇಸುಸ್ವಾಮಿಯ ದೇವಾಲಯದ ಮೆಟ್ಟಿಲವರೆಗೂ ಬರುತ್ತಿದ್ದ ಕಾಲದಲ್ಲಿ, ಈ ಊರಿನಲ್ಲಿ ಇನ್ನಾಸಪ್ಪ ಎಂಬ ಬಡಗಿ ಇದ್ದನಂತೆ. ಅವನು ಹೊಂದಿಸಿದ ಬಾಗಿಲಿನ ಸಂದಿಯಲ್ಲಿ ಇರುವೆಯೂ ನುಸುಳುತ್ತಿರಲಿಲ್ಲವಂತೆ. ಹಲಗೆಯನ್ನು ಬೆರಳಿನಿಂದ ತಟ್ಟಿ, ಆ ಮರ ಯಾವ ಕಾಡಿನಲ್ಲಿ ಬೆಳೆದದ್ದೆಂದು ಹೇಳುತ್ತಿದ್ದನಂತೆ. ಹಿರಿಯರು ಹೀಗೆ ಹೇಳುತ್ತಾರೆ. ಎಷ್ಟು ನಿಜವೋ ದೇವರಿಗೇ ಗೊತ್ತು.

ಇನ್ನಾಸಪ್ಪನಿಗೆ ಕೆಟ್ಟ ಚಟಗಳಿರಲಿಲ್ಲ. ಆಸೆ ಮಾತ್ರ ಒಂದಿತ್ತು. ತಾನು ಸತ್ತ ದಿನ ಊರೆಲ್ಲ ನಿಂತು ನೋಡುವಂತಹ ಪೆಟ್ಟಿಗೆಯಲ್ಲಿ ಮಣ್ಣು ಸೇರಬೇಕು ಎಂಬುದೇ ಆ ಆಸೆ. ಏಳು ವರ್ಷ ತೇಗದ ಹಲಗೆಗಳನ್ನು ಕೂಡಿಟ್ಟು, ತನ್ನ ಉದ್ದಕ್ಕೆ ಅಳೆದು, ಪೆಟ್ಟಿಗೆ ಮಾಡಿದನು. ಸುತ್ತಲೂ ದ್ರಾಕ್ಷಿಬಳ್ಳಿ ಕೆತ್ತಿದನು. ಮುಚ್ಚಳದ ಮೇಲೆ ತನ್ನ ಹೆಸರು ಕೆತ್ತಿದನು. ಅದನ್ನು ಅಟ್ಟದ ಮೇಲಿಟ್ಟು, ಭಾನುವಾರ ಭಾನುವಾರ ಎಣ್ಣೆ ಹಚ್ಚುತ್ತಿದ್ದನು.

“ನನ್ನ ತಲೆಗಿಲ್ಲದ ಎಣ್ಣೆ ಅದಕ್ಕೆ! ನೀವು ಸಾಯೋ ತನಕ ರಾಗಿಯಾದ್ರೂ ತುಂಬಿಡೋಣ,” ಎಂದು ಹೆಂಡತಿ ಅರುಳಮ್ಮ ಹಂಗಿಸುತ್ತಿದ್ದಳಂತೆ.

“ಮುಟ್ಟೀಯೆ, ಜೋಕೆ!”

ಆಗ ಪೆಟ್ಟಿಗೆಯಲ್ಲಿ ಹೋಗುತ್ತಿದ್ದವರು ಉಳ್ಳವರು ಮಾತ್ರ. ಉಳಿದವರನ್ನು ಚಾಪೆಯಲ್ಲಿ ಸುತ್ತಿ, ಬಿದಿರಿಗೆ ಕಟ್ಟಿ, ತೂಗಾಡಿಸಿಕೊಂಡು ಒಯ್ಯುತ್ತಿದ್ದರು. ಗುಂಡಿ ತೋಡುವ ಚೌರಿ ಇದನ್ನು ನೋಡಿ ನೋಡಿ ನೊಂದಿದ್ದನು. “ನನ್ನನ್ನ ಬಿದಿರಿಗೆ ಕಟ್ಟಿಸಬೇಡ ಕಣೆ. ಒಂದು ಸಲ ನಾಲ್ಕು ಜನರ ಹೆಗಲ ಮೇಲೆ ಹೋಗಬೇಕು,” ಎಂದು ಹೆಂಡತಿ ಮದಲಮ್ಮನಿಗೆ ಹೇಳಿದ್ದನಂತೆ.

ಆ ಚೌರಿ ಒಂದು ಪವಿತ್ರ ಗುರುವಾರ ಮಧ್ಯಾಹ್ನ ತೀರಿಕೊಂಡನು. ಮದಲಮ್ಮ ಬಡಗಿಯ ಬಾಗಿಲಿಗೆ ಬಂದಳು.

“ಅಣ್ಣಾ, ನಾಲ್ಕು ಒರಟು ಹಲಗೆ ಇದ್ರೆ ಸಾಕು.”

“ಒಂದೂ ಇಲ್ಲವಲ್ಲ ತಂಗಿ,” ಎಂದನು ಇನ್ನಾಸಪ್ಪ.

ಅವಳು ಒಮ್ಮೆ ಅಟ್ಟದ ಕಡೆ ನೋಡಿದಳು. ಆಮೇಲೆ ಹೊರಟುಹೋದಳು.

ಆ ಸಂಜೆ ದೇವಾಲಯದಲ್ಲಿ ಪಾದ ತೊಳೆಯುವ ವಿಧಿ. ಯೇಸುಸ್ವಾಮಿ ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರ ಪಾದ ತೊಳೆದ ನೆನಪಿಗೆ ಹನ್ನೆರಡು ಮಂದಿಯನ್ನು ಕೂರಿಸುತ್ತಾರೆ. ಮೊದಲ ಸ್ಥಾನ ಪ್ರತಿ ವರ್ಷವೂ ಇನ್ನಾಸಪ್ಪನದೇ. ಮುದಿ ಗುರುಗಳು ನರಳುತ್ತಾ ಮಂಡಿಯೂರಿ ಅವನ ಬಲಗಾಲು ತೊಳೆದರು. ಅವರ ನರೆತ ತಲೆ ತನ್ನ ಪಾದದವರೆಗೆ ಬಾಗಿದ್ದನ್ನು ಅವನು ನೋಡಿದನು. ಗುರುಗಳು ಎಡಗಾಲಿಗೆ ಕೈ ಚಾಚಿದಾಗ ಅವನು ಕಾಲು ಹಿಂದಕ್ಕೆಳೆದುಕೊಂಡನು.

“ಇದು ಬೇಡ ಸ್ವಾಮಿ. ಮನೇಲಿ ಒಂದು ಕೆಲಸ ಬಿಟ್ಟು ಬಂದಿದ್ದೀನಿ.”

ಒದ್ದೆ ಕಾಲು ಒರೆಸುವ ಮೊದಲೇ ಅವನು ಎದ್ದು ನಡೆದನು. ಚೌರಿಯ ಗುಡಿಸಲವರೆಗೂ ಒಂದೇ ಪಾದದ ಹಸಿ ಗುರುತು ಬಿದ್ದಿತ್ತಂತೆ. ಆ ಬೇಸಿಗೆಯೆಲ್ಲ ಅದು ಒಣಗಲಿಲ್ಲವೆಂದು ಹೇಳುತ್ತಾರೆ.

ಮದಲಮ್ಮನಿಗೆ ಪೆಟ್ಟಿಗೆ ಕೊಡುವೆನೆಂದು ಹೇಳಿ ಬಂದ ಮೇಲೆ, ಅದು ಅಟ್ಟದಿಂದ ಕೆಳಗಿಳಿಯಿತು. ಚೌರಿ ಗಿಡ್ಡ ಆಳು. ಕಾಲಿನ ಕಡೆ ಉಳಿದ ಜಾಗಕ್ಕೆ ಬೇವಿನ ಸೊಪ್ಪು ತುಂಬಿದರು. ಇನ್ನಾಸಪ್ಪನೇ ಮುಂದಿನ ಹೆಗಲು ಕೊಟ್ಟನು. ಆದರೆ ದಾರಿಯುದ್ದಕ್ಕೂ ಅವನ ಕಣ್ಣು, ಜನರು ಮುಚ್ಚಳದ ಹೆಸರು ಓದುತ್ತಿದ್ದಾರೋ ಇಲ್ಲವೋ ಎಂದೇ ನೋಡುತ್ತಿತ್ತಂತೆ.

ಗುಂಡಿಯ ಬಳಿ ಮದಲಮ್ಮ ಪೆಟ್ಟಿಗೆ ತೆರೆಸಿ, ಗಂಡನನ್ನು ಚಾಪೆಯ ಸಮೇತ ಎತ್ತಿಸಿ, ಮಣ್ಣಿಗಿಳಿಸಿದಳು.

“ಏನು ಮಾಡ್ತಿದ್ದೀ ತಂಗಿ? ಪೆಟ್ಟಿಗೆ ಅವನಿಗೇ ಕೊಟ್ಟದ್ದು!”

“ಹೆಗಲ ಮೇಲೆ ಬಂದರಲ್ಲ ಅಣ್ಣಾ, ಅವರಿಗೆ ಅಷ್ಟೇ ಬೇಕಿತ್ತು. ಮಣ್ಣು ಅವರಿಗೆ ಹೊಸದಲ್ಲ. ಪೆಟ್ಟಿಗೆ ಮುಂದಿನವರಿಗಿರಲಿ.”

ಇನ್ನಾಸಪ್ಪ ತಲೆ ತಗ್ಗಿಸಿದನು. ಕೊಟ್ಟವನು ತಾನೆಂದು ತಿಳಿದಿದ್ದನು. ನಿಜವಾಗಿ ಕೊಟ್ಟವಳು ಅವಳೆಂದು ಅಲ್ಲಿ ಗೊತ್ತಾಯಿತು. ಬರಿದಾದ ಪೆಟ್ಟಿಗೆಯನ್ನು ಮನೆಗೆ ತಂದು, ಉಳಿ ಹಿಡಿದು, ತನ್ನ ಹೆಸರನ್ನು ಕೆತ್ತಿ ತೆಗೆದನು. ಅಳುತ್ತಲೇ ತೆಗೆದನೆಂದು ಅರುಳಮ್ಮ ಹೇಳುತ್ತಿದ್ದಳಂತೆ. ನಂತರ ಅದನ್ನು ದೇವಾಲಯದ ಗೋಡೆಗೆ ಒರಗಿಸಿ ಬಂದನು. ಕಾಲ ಬಂದಾಗ ಅವನೂ ಅದರಲ್ಲೇ ಹೋದನು, ಚಾಪೆಯಲ್ಲೇ ಮಣ್ಣಿಗಿಳಿದನು.

ಇಂದಿಗೂ ಇಲ್ಲಿ ಜಮೀನುದಾರರೂ ಕೂಲಿಯವರೂ ಆ ಒಂದೇ ಪೆಟ್ಟಿಗೆಯಲ್ಲಿ ಹೋಗುತ್ತಾರೆ. ಪ್ರತಿ ಸಲವೂ ಅದು ಬರಿದಾಗಿ ಮರಳುತ್ತದೆ. ಹೆಸರಿದ್ದ ಕಡೆ ತಗ್ಗೊಂದಿದೆ. ಹೊರುವವರು ಮೊದಲು ಅದನ್ನು ಮುಟ್ಟುತ್ತಾರೆ. ಪವಿತ್ರ ಗುರುವಾರದಂದು ಮೊದಲ ಸ್ಥಾನದಲ್ಲಿ ಕೂತವರ ಒಂದೇ ಕಾಲನ್ನು ತೊಳೆಯುತ್ತಾರೆ. ಅವರು ತಮಗೆ ಪ್ರಿಯವಾದದ್ದೊಂದನ್ನು ಯಾರಿಗಾದರೂ ಕೊಟ್ಟ ಮೇಲೆಯೇ ಇನ್ನೊಂದು ಕಾಲನ್ನು ಮನೆಯಲ್ಲಿ ತಾವೇ ತೊಳೆದುಕೊಳ್ಳುತ್ತಾರೆ. ಏನು ಕೊಟ್ಟರೆಂದು ಯಾರೂ ಕೇಳುವುದಿಲ್ಲ.