ಕುಂಬಾರ ಮಾಡಿದ ಕೊಂಡಿ

"ಗುರುಗಳೇ, ಕಲಿತು ಮುಗಿಸಿದ್ದನ್ನೇ ಮತ್ತೆ ಏಕೆ ಕಲಿಯಬೇಕು?" ಎಂದು ಶಿಷ್ಯ ಕೇಳಿದ.

ಕೇಳುವುದಕ್ಕೆ ಅವನಿಗೆ ಕಾರಣವಿತ್ತು. ಹನ್ನೆರಡು ವರ್ಷ ಓದಿದ್ದ. ಹೊಳೆಯಾಚೆಯ ಪಟ್ಟಣದವರು ಬಂದು, ತಮ್ಮ ಹೊಸ ಮಠಕ್ಕೆ ಇವನೇ ಗುರುವಾಗಬೇಕೆಂದು ಶಾಲು ಹೊದಿಸಿ ಹೋಗಿದ್ದರು. ಮರುದಿನ ಬೆಳಿಗ್ಗೆಯೇ ಗುರುಗಳು ಅವನನ್ನು ಕರೆದು, ಇನ್ನೊಂದು ವರ್ಷ ಹೊಸಬರ ಸಾಲಿನಲ್ಲಿ ಕುಳಿತು ಮೊದಲ ಪಾಠದಿಂದ ಓದು ಎಂದಿದ್ದರು. ಶಾಲು ಇನ್ನೂ ಅವನ ಹೆಗಲ ಮೇಲೆಯೇ ಇತ್ತು.

ಗುರುಗಳು ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಆ ಊರಿಗೆ ಇದ್ದದ್ದು ಒಂದೇ ಬಾವಿ, ಒಬ್ಬನೇ ಕಮ್ಮಾರ. ಕಮ್ಮಾರ ತೀರಿಕೊಂಡ. ಅವನ ಮಕ್ಕಳು ಸಾಮಾನು ಕಟ್ಟಿಕೊಂಡು ಬೇರೆ ಊರು ಸೇರಿದರು. ಅದೇ ವರ್ಷ ಬಾವಿಯ ರಾಟೆಯನ್ನು ತೂಗುಹಾಕಿದ್ದ ಕಬ್ಬಿಣದ ಕೊಂಡಿ ಸವೆದು ತುಂಡಾಯಿತು. ಬಾವಿಯಲ್ಲಿ ಹೂಳು ತುಂಬಿ ನೀರು ನಾರತೊಡಗಿತ್ತು. ಕುಡಿದವರಿಗೆ ಹೊಟ್ಟೆನೋವು, ಕುಡಿಯದೆ ವಿಧಿಯಿಲ್ಲ. ರಾಟೆಯಿಲ್ಲದೆ ಹೂಳೆತ್ತುವಂತಿಲ್ಲ, ಕೊಂಡಿಯಿಲ್ಲದೆ ರಾಟೆ ನಿಲ್ಲುವಂತಿಲ್ಲ. ಊರವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಕುಂಬಾರ ಮುಂದೆ ಬಂದು, "ನಾನು ಮಾಡಿಕೊಡುತ್ತೇನೆ. ಬೆಂಕಿ ನನಗೇನು ಹೊಸದೇ?" ಎಂದ.

ಬೆಂಕಿ ಹೊಸದಲ್ಲ, ನಿಜ. ಕಬ್ಬಿಣ ಹೊಸದು. ಅದು ಆಗ ಯಾರಿಗೂ ಹೊಳೆಯಲಿಲ್ಲ, ಅವನಿಗಂತೂ ಹೊಳೆಯಲೇ ಇಲ್ಲ.

ಅವನು ತಿಪ್ಪೆ ಕೆದಕಿದ, ಪಾಳುಮನೆಗಳನ್ನು ಹೊಕ್ಕು ಬಂದ. ಮುರಿದ ಗಾಡಿಯ ಅಚ್ಚಿನ ತುಂಡೊಂದು ಸಿಕ್ಕಿತು. ಅದನ್ನು ಮರದ ಕೊರಡಿನಲ್ಲಿ ಹುಗಿದು, ಅದರ ಮೇಲೆ ಬಡಿಯಲು ಅಣಿಮಾಡಿಕೊಂಡ. ಹಿಡಿಯಿಲ್ಲದ ಸುತ್ತಿಗೆಯೊಂದಕ್ಕೆ ಜಾಲಿಯ ಹಿಡಿ ಹಾಕಿದ. ಹರಿದ ತೊಗಲಿನ ನೀರುಚೀಲಕ್ಕೆ ತೇಪೆ ಹಚ್ಚಿ ಬೆಂಕಿಗೆ ಗಾಳಿಯೂದುವ ತಿದಿ ಮಾಡಿದ. ಕುಲುಮೆಯನ್ನು ಮಾತ್ರ ಯಾರ ಹಂಗೂ ಇಲ್ಲದೆ ಮಣ್ಣಿನಲ್ಲಿ ಕಟ್ಟಿದ. ಅಂಥ ಅಂದದ ಕುಲುಮೆ ಸತ್ತ ಕಮ್ಮಾರನ ಬಳಿಯೂ ಇರಲಿಲ್ಲ.

ಮೊದಲ ತಿಂಗಳು ಮಾಡಿದ್ದೆಲ್ಲ ಹಾಳು. ಕಡಿಮೆ ಕಾಯಿಸಿದರೆ ಕಬ್ಬಿಣ ಬಗ್ಗಲಿಲ್ಲ, ಹೆಚ್ಚು ಕಾಯಿಸಿದರೆ ಕಿಡಿ ಕಾರುತ್ತಾ ಉದುರಿಹೋಯಿತು. ಕೈತುಂಬ ಬೊಬ್ಬೆ ಎದ್ದವು. ಬಾಗಿಲಲ್ಲಿ ನಿಂತು ನಗುವವರು ನಕ್ಕರು. ಅವನು ಬಿಡಲಿಲ್ಲ; ಅದಕ್ಕೆ ಅವನನ್ನು ಮೆಚ್ಚಲೇಬೇಕು. ಎರಡನೆಯ ತಿಂಗಳಿಗೆ ಕೈ ಪಳಗಿತು. ಕಬ್ಬಿಣ ಉಜ್ಜುವ ದಪ್ಪ ಅರವೊಂದು ಹಲ್ಲು ಸವೆದು ಕಮ್ಮಾರನ ಹಿತ್ತಿಲಲ್ಲಿ ಬಿದ್ದಿತ್ತು. ಅದನ್ನು ಕಾಯಿಸಿ, ಬಡಿದು, ಬಗ್ಗಿಸಿ ಕೊಂಡಿ ಮಾಡಿದ. ಕೆಂಪಗೆ ಕಾದಿದ್ದಾಗಲೇ ನೀರಿಗೆ ಅದ್ದಿದ. ಆಮೇಲೆ ಕಲ್ಲಿನಿಂದ ಗೀರಿದರೂ ಅದರ ಮೇಲೆ ಗೆರೆ ಬೀಳಲಿಲ್ಲ. ದಾರಕ್ಕೆ ತೂಗುಹಾಕಿ, ಬೆಂದ ಮಡಕೆಯನ್ನು ತಟ್ಟಿ ನೋಡುವ ಹಾಗೆ ತಟ್ಟಿದ. ಗಂಟೆಯ ಹಾಗೆ ದನಿ ಕೊಟ್ಟಿತು. ಅವನಿಗೆ ಹಿಗ್ಗೋ ಹಿಗ್ಗು.

ಊರೂರು ಅಲೆದು ಕುಡುಗೋಲು ಮಾಡಿಕೊಡುವ ಒಬ್ಬ ಮುದುಕಿ ಆ ದಾರಿಯಲ್ಲಿ ಹೋಗುತ್ತಿದ್ದಳು. ಕುಲುಮೆ ಕಂಡು ಒಳಗೆ ಬಂದಳು. ಕೊಂಡಿಯನ್ನು ಕೈಗೆತ್ತಿಕೊಂಡು ಹೊರಳಿಸಿ ನೋಡಿದಳು.

"ಬಡಿತ ಚೆನ್ನಾಗಿದೆ, ಮಗಾ. ಆದರೆ ಇದು ಅರದ ಉಕ್ಕು. ಬರೀ ಗಟ್ಟಿಯಾಗಿದೆ, ಹದಕ್ಕೆ ಬಂದಿಲ್ಲ. ಇನ್ನೊಂದು ಸಲ ಬೆಂಕಿಗೆ ಹಿಡಿ, ಮೈ ನೀಲಿಗೆ ತಿರುಗಿದ ಮೇಲೆ ತೆಗೆ. ಇಲ್ಲದಿದ್ದರೆ ಹೇಳದೆ ಕೇಳದೆ ಸೀಳಿಬಿಡುತ್ತದೆ."

"ಸುಟ್ಟದ್ದನ್ನು ಮತ್ತೆ ಯಾರಾದರೂ ಸುಡುತ್ತಾರೆಯೇ, ಅಜ್ಜಿ? ಬೆಂದ ಮಡಕೆ ಬೆಂದಾಯಿತು."

ಕಬ್ಬಿಣದ ಕೆಲಸಕ್ಕೆ ಕೈಹಾಕಿಯೂ ಇವನು ಮಡಕೆಯ ಮಾತೇ ಆಡುತ್ತಿದ್ದಾನೆ ಎಂದು ತಿಳಿದು, ಮುದುಕಿ ಕೊಂಡಿ ಕೆಳಗಿಟ್ಟು ಹೊರಟುಹೋದಳು.

ಕುಂಬಾರನ ಅಕ್ಕನ ಗಂಡ ಬಾವಿ ಕೆಲಸದವನು. ಹೂಳೆತ್ತಲು ಅವನೇ ಇಳಿದ. ತೊಲೆಗೆ ಕೊಂಡಿ, ಕೊಂಡಿಗೆ ರಾಟೆ, ರಾಟೆಯ ಮೇಲೆ ಹಗ್ಗ. ಹಗ್ಗ ಎಳೆಯುವವರ ಸಾಲಿನಲ್ಲಿ ಅಕ್ಕನೂ ಇದ್ದಳು. ಕುಂಬಾರ ಬಾವಿಯ ಕಟ್ಟೆಯ ಮೇಲೆ, ಕೊಂಡಿಯ ಪಕ್ಕದಲ್ಲೇ ನಿಂತ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಂಕರಿಯ ಮೇಲೆ ಮಂಕರಿ ಕೆಸರು ಬಂತು. ಕೊಂಡಿ ಜಗ್ಗಲಿಲ್ಲ. ನಕ್ಕಿದ್ದವರೇ ಬಂದು ಬೆನ್ನು ತಟ್ಟಿದರು. ಊರ ಹಿರಿಯ ಎಲ್ಲರಿಗೂ ಕೇಳುವಂತೆ, "ಇವತ್ತಿನಿಂದ ಇವನೇ ನಮ್ಮ ಕಮ್ಮಾರ" ಎಂದ. ಅಕ್ಕನ ಮುಖ ಅರಳಿತು.

ಕೆಸರು ಮುಗಿದು ತಳದ ಬಂಡೆ ಕಂಡಿತು. ಭಾವ ಹಗ್ಗದ ಕುಣಿಕೆಯಲ್ಲಿ ತಾನೇ ಕುಳಿತು, ಎಳೆಯಿರಿ ಎಂದು ಕೂಗಿದ. ಎಳೆದರು. ಅವನು ಅರ್ಧ ಬಾವಿ ಮೇಲೆ ಬಂದಿದ್ದಾಗ ಕುಂಬಾರನ ಕಣ್ಣು ಕೊಂಡಿಯ ಬಾಗಿನ ಮೇಲೆ ಬಿತ್ತು. ಅಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಇತ್ತು. ಬೆಳಿಗ್ಗೆ ಅದು ಇರಲಿಲ್ಲ.

ಭಾವನ ಕೆಳಗೆ ಇನ್ನೂ ಐದಾಳು ಆಳ, ತಳದಲ್ಲಿ ಬಂಡೆ. ಕೂಗಬೇಕೆಂದು ಬಾಯಿ ತೆರೆದ. ಇಷ್ಟು ಜನರ ಮುಂದೆ, ಈಗತಾನೇ ಕಮ್ಮಾರನೆನಿಸಿಕೊಂಡು, ನನ್ನ ಕೊಂಡಿ ಸೀಳಿದೆ ಎನ್ನುವುದು ಹೇಗೆ? ಅದು ಗೆರೆಯಲ್ಲ, ಮಸಿ ಇರಬಹುದು. ಇನ್ನು ಹತ್ತು ಎಳೆತಕ್ಕೆ ಭಾವ ಮೇಲೆ ಬಂದೇಬಿಡುತ್ತಾನೆ. ಆಮೇಲೆ ಸದ್ದಿಲ್ಲದೆ ಬೇರೆ ಕೊಂಡಿ ಹಾಕಿದರಾಯಿತು. ಒಂದು ಉಸಿರು ಕಳೆಯಿತು. ಹಗ್ಗ ಮೇಲೆ ಬಂತು. ಎರಡನೆಯ ಉಸಿರು ಕಳೆಯಿತು. ಅಕ್ಕ ಎಳೆಯುತ್ತಲೇ ಇವನತ್ತ ನೋಡಿ ನಕ್ಕಳು. ಮೂರನೆಯದೂ ಕಳೆಯಿತು. ಗೆರೆ ಬೆರಳಗಲ ಉದ್ದವಾಗಿತ್ತು.

"ನಿಲ್ಲಿಸಿ. ಭಾವ, ಗೋಡೆ ಹಿಡಿದುಕೊಳ್ಳಿ. ಕೊಂಡಿ ಸೀಳಿದೆ, ನನಗೆ ಈ ಕೆಲಸ ಬರುವುದಿಲ್ಲ" ಎಂದು ಕೂಗಿದ.

ಭಾವ ಗೋಡೆಯ ಕಲ್ಲುಸಂದಿಗೆ ಕೈಕಾಲು ಊರಿ ಕುಣಿಕೆಯಿಂದ ಜಾರಿಕೊಂಡ. ಭಾರ ಕಳಚಿದ ಹಗ್ಗ ಒಮ್ಮೆ ಚಿಮ್ಮಿತು. ಆ ಅದುರಿಗೆ ಕೊಂಡಿ ಠಣ್ಣೆಂದು ಎರಡಾಯಿತು. ರಾಟೆ ಭಾವನ ಹೆಗಲು ತರಚಿಕೊಂಡು ತಳಕ್ಕೆ ಬಿತ್ತು. ಬಿದ್ದ ಸದ್ದು ಮೇಲಿದ್ದವರಿಗೆಲ್ಲ ಕೇಳಿಸಿತು. ಇನ್ನೊಂದು ಹಗ್ಗವನ್ನು ತೊಲೆಗೇ ಬಿಗಿದು ಇಳಿಬಿಟ್ಟು ಅವನನ್ನು ಮೇಲಕ್ಕೆ ತಂದರು.

ಗಂಡನ ಹೆಗಲು ಒರೆಸಿ ಅಕ್ಕ ತಮ್ಮನ ಹತ್ತಿರ ಬಂದಳು.

"ಗೆರೆ ನಿನಗೆ ಯಾವಾಗ ಕಂಡಿತು?"

"ಕೂಗುವುದಕ್ಕೆ ಮೂರು ಉಸಿರು ಮೊದಲು, ಅಕ್ಕ."

ಅವಳು ಬೆನ್ನು ತಿರುಗಿಸಿ ಗಂಡನ ಬಳಿಗೆ ಹೋದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ತೊಲೆಯಲ್ಲಿ ಉಳಿದಿದ್ದ ಕೊಂಡಿಯ ತುಂಡನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಮುದುಕಿ ಹೋದ ದಾರಿ ಹಿಡಿದು ಹೊರಟ. ಮೂರನೆಯ ಊರಿನಲ್ಲಿ ಅವಳು ಸಿಕ್ಕಳು. ಅವಳ ತಿದಿಯ ಪಕ್ಕದಲ್ಲಿ ಕುಳಿತು, ಬೆಂಕಿ ಊದುವುದರಿಂದ ಶುರುಮಾಡಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ.

"ಕೊಂಡಿಯನ್ನು ಮತ್ತೆ ಬೆಂಕಿಗೆ ಹಿಡಿಯದಿದ್ದದ್ದು ಅವನು ಕಬ್ಬಿಣವನ್ನು ಅರಿಯದೆ ಮಾಡಿದ ತಪ್ಪು, ಅದು ತಿಳಿಯಿತು. ಆದರೆ ಗೆರೆ ಕಣ್ಣಿಗೆ ಕಂಡ ಮೇಲೂ ಆ ಮೂರು ಉಸಿರು ಅವನು ಸುಮ್ಮನಿದ್ದದ್ದು ಏಕೆ?"

ಗುರುಗಳು ಅವನ ಹೆಗಲ ಮೇಲಿನ ಶಾಲನ್ನು ನೋಡಿದರು.

"ಆ ಮೂರು ಉಸಿರು ಅವನು ಊರಿನ ಕಮ್ಮಾರನಾಗಿದ್ದ, ನಾಲ್ಕನೆಯದಕ್ಕೆ ಮತ್ತೆ ಕಲಿಯುವವನಾದ."